ಒಂದೇ ಅಧ್ಯಯನದ ರೋಗಿಗಳನ್ನು ಎರಡು ಲೇಖನಗಳಲ್ಲಿ ತೋರಿಸಬಹುದೇ?

ನೀವು ಕೇಳಿರುವುದು ಇಷ್ಟು: ಎಂ.ಡಿ. ಪ್ರಬಂಧಕ್ಕಾಗಿ ಬಳ್ಳಾರಿಯಲ್ಲಿ 120 ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿ ಒಂದು ಲೇಖನ ಪ್ರಕಟಿಸಿದ್ದೀರಿ. ಈಗ ಅವರಲ್ಲೇ 80 ಮಂದಿಯನ್ನು ಆಯ್ದು, ಶೀರ್ಷಿಕೆ ಬದಲಿಸಿ, ಮತ್ತೊಂದು ಪತ್ರಿಕೆಗೆ ಕಳುಹಿಸಬಹುದೇ, ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶದಲ್ಲಿ ಸಾಮ್ಯತೆ ಶೇ 10ರೊಳಗೆ ಬಂದರೆ ಸಾಕೇ? ಕಳುಹಿಸಬಾರದು, ಸಾಕಾಗುವುದೂ ಇಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇ 10ರವರೆಗಿನ ಸಾಮ್ಯತೆಗೆ ದಂಡನೆ ಇಲ್ಲವೆಂಬುದು ನಿಜ. ಆದರೆ ಆ ತಂತ್ರಾಂಶ ಹೋಲಿಸುವುದು ವಾಕ್ಯಗಳನ್ನು, ರೋಗಿಗಳನ್ನಲ್ಲ. ವಾಕ್ಯಗಳನ್ನೆಲ್ಲ ತಿರುಗಿಸಿ ಬರೆದರೂ ಆ 80 ಮಂದಿ ಅದೇ 80 ಮಂದಿಯಾಗಿಯೇ ಉಳಿಯುತ್ತಾರೆ. ರಾಯಚೂರಿನ ಎಪಿಎಂಸಿಯಲ್ಲಿ ಒಂದೇ ಹತ್ತಿ ಚೀಲವನ್ನು ಎರಡು ಸಲ ತೂಗಿ ಲೆಕ್ಕಕ್ಕೆ ಬರೆದರೆ ಚೀಲದ ಮೇಲಿನ ಗುರುತು ಬದಲಾಗಿದೆಯೆಂದು ಯಾರೂ ಒಪ್ಪುವುದಿಲ್ಲ.

ಇದರಿಂದ ಆಗುವ ಕೇಡಿಗೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ನಿದರ್ಶನ ಒಂಡಾನ್ಸೆಟ್ರಾನ್ ಎಂಬ ಔಷಧದ್ದು. ಶಸ್ತ್ರಚಿಕಿತ್ಸೆಯ ನಂತರದ ವಾಂತಿಯನ್ನು ಅದು ಎಷ್ಟು ತಡೆಯುತ್ತದೆಂದು ಲೆಕ್ಕ ಹಾಕಲು ಹೊರಟ ಮಾರ್ಟಿನ್ ಟ್ರಾಮೆರ್ ಮತ್ತು ಸಂಗಡಿಗರು, ಪ್ರಕಟಿತ ಪೂರ್ಣ ವರದಿಗಳಲ್ಲಿ ಶೇ 17ರಷ್ಟೂ ರೋಗಿಗಳ ದತ್ತಾಂಶದಲ್ಲಿ ಶೇ 28ರಷ್ಟೂ ಪುನರಾವರ್ತನೆಯೆಂದು 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತೋರಿಸಿದರು. ಮೂಲ ಲೇಖನ ಯಾವುದೆಂದು ಆ ಪುನರಾವರ್ತಿತ ವರದಿಗಳು ಹೇಳಿರಲಿಲ್ಲ. ಔಷಧ ಚೆನ್ನಾಗಿ ಕೆಲಸ ಮಾಡಿದ ಅಧ್ಯಯನಗಳೇ ಹೆಚ್ಚಾಗಿ ಎರಡೆರಡು ಸಲ ಅಚ್ಚಾಗಿದ್ದರಿಂದ, ಅವನ್ನೆಲ್ಲ ಕೂಡಿಸಿದಾಗ ಔಷಧದ ಪರಿಣಾಮ ಶೇ 23ರಷ್ಟು ಉಬ್ಬಿ ಕಾಣುತ್ತಿತ್ತು. ಅಂದರೆ ಯಾರೂ ಸುಳ್ಳು ಅಂಕಿ ಬರೆಯದೆಯೂ ಒಟ್ಟು ಲೆಕ್ಕ ಸುಳ್ಳಾಯಿತು.

ನಾನೂ ಒಮ್ಮೆ ಹೀಗೆ ಏಮಾರಿದ್ದೇನೆ. ಈ ಭಾಗದ ಗರ್ಭಿಣಿಯರ ರಕ್ತಹೀನತೆಯ ಅಧ್ಯಯನಗಳನ್ನು ಒಟ್ಟುಗೂಡಿಸುತ್ತಿದ್ದಾಗ, ಲೇಖಕರ ಹೆಸರುಗಳ ಕ್ರಮ ಬೇರೆಯಿದ್ದ ಎರಡು ಲೇಖನಗಳನ್ನು ಎರಡು ಅಧ್ಯಯನಗಳೆಂದೇ ಕೋಷ್ಟಕಕ್ಕೆ ಸೇರಿಸಿದ್ದೆ; ಹಿಮೋಗ್ಲೋಬಿನ್ನಿನ ಸರಾಸರಿ ಎರಡರಲ್ಲೂ ದಶಾಂಶದವರೆಗೆ ಒಂದೇ ಇದೆಯೆಂದು ವಿದ್ಯಾರ್ಥಿನಿಯೊಬ್ಬಳು ತೋರಿಸಿಕೊಟ್ಟ ಮೇಲೆ ಇಡೀ ಲೆಕ್ಕವನ್ನು ಹೊಸದಾಗಿ ಮಾಡಬೇಕಾಯಿತು.

ಹಾಗೆಂದು ಒಂದು ಅಧ್ಯಯನಕ್ಕೆ ಒಂದೇ ಲೇಖನವೆಂಬ ಕಟ್ಟುಪಾಡೇನೂ ಇಲ್ಲ. ಅದೇ ತಾಯಂದಿರ ಶಿಶುಗಳ ತೂಕವನ್ನು ನೀವು ದಾಖಲಿಸಿದ್ದರೆ, ಅದು ನಿಜಕ್ಕೂ ಬೇರೆ ಪ್ರಶ್ನೆಯಾದ್ದರಿಂದ ಎರಡನೆಯ ಲೇಖನಕ್ಕೆ ಅರ್ಹ. ಆದರೆ ಈ ತಾಯಂದಿರು ಮೊದಲ ಲೇಖನದವರೇ ಎಂದು ವಿಧಾನದ ಭಾಗದಲ್ಲಿ ಬರೆಯಬೇಕು, ಆ ಲೇಖನವನ್ನು ಉಲ್ಲೇಖಿಸಬೇಕು, ಸಂಪಾದಕರಿಗೆ ಬರೆಯುವ ಪತ್ರದಲ್ಲಿ ತಿಳಿಸಿ ಅದರ ಪ್ರತಿಯನ್ನೂ ಲಗತ್ತಿಸಬೇಕು. ಸ್ವಂತ ಬರಹವೇ ಆದರೂ ಉಲ್ಲೇಖಿಸದೆ ಮತ್ತೆ ಪ್ರಕಟಿಸುವುದು ಒಪ್ಪತಕ್ಕದ್ದಲ್ಲವೆಂದು ಯುಜಿಸಿ 2020ರಲ್ಲಿ ಹೇಳಿದೆ. ಬಚ್ಚಿಟ್ಟದ್ದು ಬಯಲಾದರೆ ಸಂಪಾದಕರು ಲೇಖನವನ್ನು ಹಿಂತೆಗೆದುಕೊಳ್ಳಬಹುದು, ನಿಮ್ಮ ಸಂಸ್ಥೆಗೂ ಬರೆಯಬಹುದು; ಆಗ ಉತ್ತರ ಕೊಡಬೇಕಾದವರು ಮೊದಲ ಲೇಖಕರಾದ ನೀವು. ಮಾರ್ಗದರ್ಶಕರ ಬಡ್ತಿಗೆ ಪ್ರಕಟಣೆ ಬೇಕಾಗಿದೆಯೆಂದು ಬರೆದಿದ್ದೀರಿ. ಅದು ನಮ್ಮ ಕಾಲೇಜುಗಳ ಹಳೆಯ ರೋಗ; ಅವರಿಗೆ ಎದುರಾಡುವ ಬದಲು, ಶಿಶುಗಳ ತೂಕದ ಲೇಖನವನ್ನು ಮುಂದಿಟ್ಟು ನೋಡಿ.

ಸಮ್ಮೇಳನದಲ್ಲಿ ಓದಿದ ಸಾರಾಂಶ ಸಾಮಾನ್ಯವಾಗಿ ಪೂರ್ವಪ್ರಕಟಣೆಯೆನಿಸುವುದಿಲ್ಲ. ಆ ಚಿಂತೆ ಬಿಡಿ. ಒಂದೇ ಹಸ್ತಪ್ರತಿಯನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಮಾತ್ರ ಕಳುಹಿಸಬೇಡಿ. ಇನ್ನು ಆಶಾ ಕಾರ್ಯಕರ್ತೆಯರಿಗಾಗಿ ಮೊದಲ ಲೇಖನವನ್ನು ಕನ್ನಡದಲ್ಲಿ ತರುವ ನಿಮ್ಮ ಆಸೆಗೆ ಅಡ್ಡಿಯಿಲ್ಲ. ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳು ಇನ್ನೊಂದು ಭಾಷೆಯ ಮರುಪ್ರಕಟಣೆಯನ್ನು ಒಪ್ಪುತ್ತವೆ. ಎರಡೂ ಪತ್ರಿಕೆಗಳ ಸಂಪಾದಕರ ಅನುಮತಿ ಪಡೆದು, ಇದು ಇಂತಹ ಪತ್ರಿಕೆಯಲ್ಲಿ ಮೊದಲು ಬಂದದ್ದೆಂದು ಮೊದಲ ಪುಟದಲ್ಲೇ ನಮೂದಿಸಿ.