ಹೊಸ ವರ್ಷಕ್ಕೆ ತಿಂಗಳಿಗೊಂದು ಹೆಣಿಗೆ ಮುಗಿಸಬೇಕು ಅಂತಿದ್ದೇನೆ. ಪಟ್ಟಿಯಲ್ಲಿ ಏನೇನಿರಲಿ? ರಿಯಾಯಿತಿ ಇದೆ, ಉಲ್ಲನ್ ಈಗಲೇ ತಂದಿಡಲಾ? ಸ್ವೆಟರ್‌ಗೆ ಮೊದಲು ಅಳತೆಗೆ ಅಂತ ಒಂದು ಸಣ್ಣ ತುಂಡು ಹೆಣೆದು ನೋಡಬೇಕಂತೆ, ಅದೊಂದು ಬೇಜಾರು. ನಮ್ಮೂರು ಚಿತ್ರದುರ್ಗ, ಯಾವಾಗ ಶುರು ಮಾಡಿದರೆ ಒಳ್ಳೆಯದು?

ನಾನೂ ಒಂದು ವರ್ಷ ಥೇಟ್ ಹೀಗೇ ಬರೆದುಕೊಂಡಿದ್ದೆ. ಅಪ್ಪನಿಗೆ ತುಂಬುತೋಳಿನ ಸ್ವೆಟರ್, ಅತ್ತೆಗೆ ಶಾಲು, ಅಕ್ಕನ ಮಗುವಿಗೆ ಕುಲಾವಿ, ತಮ್ಮನಿಗೆ ಮಫ್ಲರ್, ದೇವರ ಮನೆಗೆ ಆಸನ. ಡಿಸೆಂಬರ್‌ವರೆಗೂ ಒಂದು ತಿಂಗಳೂ ಖಾಲಿ ಇರಲಿಲ್ಲ.

ಪಟ್ಟಿ ಉದ್ದ ಇತ್ತು, ದುಡ್ಡು ಇದ್ದಷ್ಟೇ ಇತ್ತು. ಅದಕ್ಕೇ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಉಲ್ಲನ್ ತಂದೆ. ಅಪ್ಪನ ಸ್ವೆಟರ್‌ಗೆ ಬೇಕಾದದ್ದರಲ್ಲಿ ಅರ್ಧ ತಂದು, ಉಳಿದದ್ದನ್ನು ಆಮೇಲೆ ತಂದರಾಯಿತು ಅಂದುಕೊಂಡೆ. ಅದೇ ಅಂಗಡಿ, ಅದೇ ಕಂಪನಿ, ಅದೇ ಕಂದು ಬಣ್ಣ. ಎಲ್ಲಿಗೆ ಹೋಗುತ್ತದೆ ಅಂತ ಧೈರ್ಯ.

ಅಪ್ಪ ಬೆಳಿಗ್ಗೆ ಕತ್ತಲಿರುವಾಗಲೇ ಕುಂದುವಾಡ ಕೆರೆ ಕಡೆ ವಾಕಿಂಗ್ ಹೋಗುವವರು. ದಾವಣಗೆರೆಯಲ್ಲಿ ಎಂಥಾ ಚಳಿ ಅಂತ ಹೊರಗಿನವರು ಕೇಳುತ್ತಾರೆ. ಪುಷ್ಯ ಮಾಸದಲ್ಲಿ ಆ ಏರಿ ಮೇಲೆ ಗಾಳಿಗೆ ನಿಂತು ನೋಡಲಿ, ಗೊತ್ತಾಗುತ್ತದೆ. ಹಾಗಾಗಿ ಪಟ್ಟಿಯಲ್ಲಿ ನನಗೆ ಮುಖ್ಯ ಅನಿಸಿದ್ದು ಅದೊಂದೇ ಸ್ವೆಟರ್. ಕೆಳಗಿನ ಬಾರ್ಡರ್‌ನಿಂದ ಎದೆಯವರೆಗೆ ಬಂತು, ಉಲ್ಲನ್ ಮುಗಿಯಿತು. ಹೋಗಿ ಇನ್ನಷ್ಟು ತಂದೆ. ಅಂಗಡಿಯ ಟ್ಯೂಬ್‌ಲೈಟ್ ಬೆಳಕಲ್ಲಿ ಹಳೆ ಉಂಡೆ, ಹೊಸ ಉಂಡೆ ಪಕ್ಕ ಪಕ್ಕ ಇಟ್ಟು ನೋಡಿದೆ, ಒಂದೇ ಥರ ಕಂಡವು. ಲೇಬಲ್ ಮೇಲಿನ ನಂಬರನ್ನೂ ಹೊಂದಿಸಿ ನೋಡಿದೆ, ಅದೂ ಒಂದೇ. ರಾತ್ರಿ ಹೊತ್ತು ಕೂತು ಭುಜ, ತೋಳು, ಕುತ್ತಿಗೆ ಎಲ್ಲ ಮುಗಿಸಿದೆ. ಬೆಳಿಗ್ಗೆ ಅಪ್ಪ ಅದನ್ನು ಹಾಕಿಕೊಂಡು ಅಂಗಳಕ್ಕೆ ಬಂದರು. ಕಟ್ಟೆ ಮೇಲೆ ಕೂತಿದ್ದ ನಮ್ಮ ಸೋದರತ್ತೆ ಒಂದು ಸಲ ನೋಡಿ, "ಎರಡು ಅಂಗಿ ಕೂಡಿಸಿ ಹೊಲ್ದೀಯೇನವ್ವಾ?" ಅಂದರು.

ಬಿಸಿಲಲ್ಲಿ ಎದೆಯ ಮೇಲೆ ಅಡ್ಡಕ್ಕೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಕೆಳಗೆ ಹುರಿದ ಕಾಫಿಬೀಜದ ಬಣ್ಣ, ಮೇಲೆ ಸ್ವಲ್ಪ ಕೆಂಪು ಬೆರೆತ ಕಂದು.

ಇದು ಹೇಗಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಉಲ್ಲನ್ ಉಂಡೆಯ ಲೇಬಲ್ ಮೇಲೆ ಎರಡು ನಂಬರ್ ಇರುತ್ತವೆ. ಒಂದು ಶೇಡ್ ನಂಬರ್, ಅದು ಬಣ್ಣದ್ದು. ಇನ್ನೊಂದು ಲಾಟ್ ನಂಬರ್. ಆ ದಾರ ಯಾವ ಸಲ ಬಣ್ಣಕ್ಕೆ ಬಿದ್ದದ್ದು ಅನ್ನುವುದನ್ನು ಅದು ಹೇಳುತ್ತದೆ. ಕಾರ್ಖಾನೆಯಲ್ಲಿ ದಾರವನ್ನು ಕಂತು ಕಂತಾಗಿ ಬಣ್ಣದ ನೀರಿಗೆ ಹಾಕುತ್ತಾರೆ. ಪ್ರತಿ ಕಂತಿಗೂ ಬಣ್ಣದ ತೂಕ, ನೀರಿನ ಬಿಸಿ, ದಾರ ನೆನೆದ ಹೊತ್ತು ಕೂದಲೆಳೆಯಷ್ಟಾದರೂ ಆಚೀಚೆ ಆಗುತ್ತದೆ. ಬಿಡಿ ಉಂಡೆಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಹೆಣೆದು ಅಗಲವಾದ ಬಟ್ಟೆಯಾಗಿ, ಒಂದರ ಮೇಲೊಂದು ಬಂದಾಗ ಗೊತ್ತಾಗುತ್ತದೆ. ಟ್ಯೂಬ್‌ಲೈಟ್ ಅದನ್ನು ಮುಚ್ಚಿಡುತ್ತದೆ, ಬಿಸಿಲು ಎತ್ತಿ ತೋರಿಸುತ್ತದೆ. ನಾನು ಹೊಂದಿಸಿ ನೋಡಿದ್ದು ಶೇಡ್ ನಂಬರನ್ನು ಮಾತ್ರ. ಲಾಟ್ ನಂಬರ್ ಸಣ್ಣಗೆ ಪಕ್ಕದಲ್ಲೇ ಇತ್ತು, ಅದು ಏನೆಂದೇ ಗೊತ್ತಿರಲಿಲ್ಲ. ಅಂಗಡಿಯವರದು ಏನೂ ತಪ್ಪಿಲ್ಲ, ಕೇಳಿದ್ದನ್ನೇ ಕೊಟ್ಟರು. ಮೊದಲನೇ ದಿನವೇ ಪೂರ್ತಿ ಉಲ್ಲನ್ ಒಂದೇ ಲಾಟ್‌ನಲ್ಲಿ ತಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ತರಲು ಆಗದೇ ಇದ್ದದ್ದು ಆ ಹನ್ನೆರಡರ ಪಟ್ಟಿಯಿಂದ. ಉಳಿದ ದುಡ್ಡೆಲ್ಲ ಮಫ್ಲರ್, ಆಸನ ಅಂತ ಹಂಚಿಹೋಗಿತ್ತು.

ಗೆರೆಯವರೆಗೆ ಬಿಚ್ಚಿದೆ. ಬಿಚ್ಚಿದ ದಾರ ಸೊಟ್ಟ ಸೊಟ್ಟ ಆಗಿರುತ್ತದೆ, ಹಾಗೇ ಹೆಣೆದರೆ ಕುಣಿಕೆಗಳು ಸಮ ಬರುವುದಿಲ್ಲ. ದೊಡ್ಡ ಸುತ್ತುಗಳಾಗಿ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಬೇಕು. ಅಷ್ಟರಲ್ಲಿ ಶಿವರಾತ್ರಿ ಬಂತು, ಚಳಿ ಶಿವ ಶಿವಾ ಅಂತ ಹೋಗೇಬಿಟ್ಟಿತು. ಆ ವರ್ಷ ಅಪ್ಪ ಹಳೇ ಶಾಲನ್ನೇ ಹೊದ್ದು ಕೆರೆಗೆ ಹೋದರು. ನನಗೆ ಈಗಲೂ ಬೇಜಾರಾಗುವುದು ಅದಕ್ಕೇ.

ಎರಡು ಲಾಟ್ ಬಂದೇಬಿಟ್ಟರೆ ಒಂದು ದಾರಿ ಇದೆ. ಎರಡು ಸಾಲು ಹಳೆಯದರಲ್ಲಿ, ಎರಡು ಸಾಲು ಹೊಸದರಲ್ಲಿ ಹೆಣೆಯುತ್ತಾ ಹೋಗಿ. ಬಣ್ಣ ಬೆರೆತು ಗೆರೆ ಕಾಣುವುದಿಲ್ಲ. ಆದರೆ ಇದನ್ನು ಹಳೆಯದು ಮುಗಿಯುವ ಮೊದಲೇ ಶುರು ಮಾಡಬೇಕು. ಇಲ್ಲವಾದರೆ ಬೇರೆ ಲಾಟನ್ನು ಬಾರ್ಡರ್‌ಗೆ, ಕುತ್ತಿಗೆಗೆ ಇಟ್ಟುಕೊಳ್ಳಿ. ಅಲ್ಲಿ ಹೆಣಿಗೆಯ ರೀತಿಯೇ ಬೇರೆ ಇರುವುದರಿಂದ ಕಣ್ಣು ಅಷ್ಟಾಗಿ ಹಿಡಿಯುವುದಿಲ್ಲ.

ಹಾಗಾಗಿ ಪಟ್ಟಿಯಲ್ಲಿ ಏನಿರಲಿ ಅನ್ನುವುದಕ್ಕೆ ನನ್ನ ಉತ್ತರ: ಹನ್ನೆರಡರ ಪಟ್ಟಿಯೇ ಬೇಡ. ಹೆಣಿಗೆಗೆ ತಿಂಗಳ ಲೆಕ್ಕ ಹೊಂದುವುದಿಲ್ಲ. ಕುಲಾವಿ ವಾರದಲ್ಲಿ ಮುಗಿಯುತ್ತದೆ, ತುಂಬುತೋಳಿನ ಸ್ವೆಟರ್ ಮೂರು ತಿಂಗಳು ತಿನ್ನುತ್ತದೆ. ಎರಡಕ್ಕೂ ಒಂದೊಂದು ತಿಂಗಳು ಅಂತ ಬರೆದರೆ ಒಂದರಲ್ಲಿ ಸುಮ್ನೆ ಕೂರುತ್ತೀರಿ, ಇನ್ನೊಂದರಲ್ಲಿ ಕಣ್ಣು ಕೆಡಿಸಿಕೊಳ್ಳುತ್ತೀರಿ. ವರ್ಷಕ್ಕೆ ಒಂದೇ ಒಂದು ದೊಡ್ಡದು ಆರಿಸಿಕೊಳ್ಳಿ. ಯಾರಿಗೆ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ, ವಿನ್ಯಾಸ ಆಮೇಲೆ. ದೊಡ್ಡವರ ಸ್ವೆಟರ್‌ಗೆ ಮಧ್ಯಮ ದಪ್ಪದ ದಾರ ಸುಮಾರು 500ರಿಂದ 600 ಗ್ರಾಂ ಬೇಕು. ಅದಕ್ಕಿಂತ ಒಂದು ಉಂಡೆ ಜಾಸ್ತಿಯೇ ತನ್ನಿ, ಎಲ್ಲಾ ಒಂದೇ ಲಾಟ್‌ನದ್ದು. ಲೇಬಲ್ ಎಸೆಯಬೇಡಿ, ಸ್ವೆಟರ್ ಮುಗಿಯುವವರೆಗೂ ಚೀಲದಲ್ಲೇ ಇರಲಿ.

ಅಳತೆಯ ತುಂಡು ಹೆಣೆಯಲು ಬೇಜಾರು ಅಂತಲೂ ಬರೆದಿದ್ದೀರಿ. ಬೇಜಾರಾದರೂ ಮಾಡಿ, ತೊಳೆದು ಒಣಗಿಸಿ ಆಮೇಲೆ ಅಳೆಯಿರಿ. 10 ಸೆಂಟಿಮೀಟರ್‌ಗೆ 22 ಕುಣಿಕೆ ಅಂದುಕೊಂಡಲ್ಲಿ ನಿಮ್ಮ ಕೈಗೆ 20 ಬಂದರೆ, 100 ಸೆಂಟಿಮೀಟರ್ ಎದೆಗೆ ಹಾಕಿದ 220 ಕುಣಿಕೆ 110 ಸೆಂಟಿಮೀಟರ್ ಆಗುತ್ತದೆ. ಒಂದು ತೋಳನ್ನು ಮೊದಲು ಹೆಣೆದರೂ ನಡೆಯುತ್ತದೆ, ಅದೇ ಅಳತೆಯ ತುಂಡಾಗುತ್ತದೆ.

ಇನ್ನು ಯಾವಾಗ ಶುರು ಮಾಡಬೇಕು ಅನ್ನುವುದು. ನೀವು ದುರ್ಗದವರು ಅಂದಿರಿ, ಅಲ್ಲೂ ಬೇಸಿಗೆ ನಮ್ಮ ಹಾಗೇ ಅಲ್ವಾ? ಏಪ್ರಿಲ್ ಸೆಕೆಯಲ್ಲಿ ಅರ್ಧ ಸ್ವೆಟರ್ ತೊಡೆ ಮೇಲೆ ಹಾಕಿಕೊಂಡು ಕೂರಲು ಆಗುವುದಿಲ್ಲ, ಬೆವರಿಗೆ ದಾರ ಕಡ್ಡಿಗೆ ಅಂಟುತ್ತದೆ. ಆ ತಿಂಗಳುಗಳಲ್ಲಿ ಹತ್ತಿ ದಾರದಲ್ಲಿ ಕೈಚೀಲ, ಪಾತ್ರೆ ಹಿಡಿಯುವ ಬಟ್ಟೆ ಮಾಡಿ. ಹತ್ತಿಯಲ್ಲಿ ಸ್ವೆಟರ್ ಮಾತ್ರ ಈಗಲೇ ಬೇಡ. ಹತ್ತಿಗೆ ಉಣ್ಣೆಯ ಹಾಗೆ ಎಳೆದರೆ ವಾಪಸ್ ಬರುವ ಗುಣ ಇಲ್ಲ, ತನ್ನ ಭಾರಕ್ಕೇ ಕೆಳಕ್ಕೆ ಜೋಲುತ್ತದೆ. ಆಷಾಢದಲ್ಲಿ ದೊಡ್ಡದನ್ನು ಶುರು ಮಾಡಿ. ಮದುವೆ ಮುಂಜಿ ಇರುವುದಿಲ್ಲ, ಗಾಳಿ ತಂಪಾಗಿರುತ್ತದೆ. ದೀಪಾವಳಿ ಹೊತ್ತಿಗೆ ಆರಾಮಾಗಿ ಮುಗಿಯುತ್ತದೆ.

ಬರುವ ವರ್ಷಕ್ಕೆ ನನ್ನದು ಎರಡೇ. ದೊಡ್ಡದು ಸೋದರತ್ತೆಗೆ ಮುಂದೆ ಗುಂಡಿ ಇರುವ ಸ್ವೆಟರ್. ಕೈ ಎತ್ತಿ ತಲೆ ಮೇಲಿಂದ ಹಾಕಿಕೊಳ್ಳುವುದು ಅವರಿಗೆ ಕಷ್ಟ. ಇನ್ನೊಂದು ಆಸನ, ಚಳ್ಳಕೆರೆ ಕಡೆಯ ಕರಿ ಉಣ್ಣೆಯಲ್ಲಿ. ಅಲ್ಲಿ ಕಂಬಳಿ ನೇಯುವ ಮನೆಗಳಲ್ಲಿ ಕೈಯಲ್ಲಿ ನೂತ ದಾರ ಸಿಗುತ್ತದೆ. ನಮ್ಮ ಬಯಲುಸೀಮೆ ಕುರಿಯ ಉಣ್ಣೆ ಒರಟು, ಕುತ್ತಿಗೆಗೆ ತಾಗಿದರೆ ಚುಚ್ಚುತ್ತದೆ. ಅದಕ್ಕೇ ಅದರಲ್ಲಿ ಸ್ವೆಟರ್ ಮಾಡುವುದಿಲ್ಲ. ಆದರೆ ಕೂರುವುದಕ್ಕೆ ಅದರಷ್ಟು ಗಟ್ಟಿ ಬೇರೆ ಇಲ್ಲ. ನೇಯುವವರು ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ಹಾಸಿನ ದಾರಕ್ಕೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ನನಗೆ ಗಂಜಿ ಹಚ್ಚದ ದಾರ ಬೇಕು, ಗಂಜಿ ಇದ್ದರೆ ಕಡ್ಡಿ ಮೇಲೆ ಜಾರುವುದಿಲ್ಲ. ಬಣ್ಣ ಹಾಕದ ಉಣ್ಣೆ ಅದು. ಒಂದು ಕುರಿಯದು ಕಪ್ಪು, ಇನ್ನೊಂದರದು ಕಂದು ತಿರುಗಿದ ಕಪ್ಪು. ಲಾಟ್ ನಂಬರ್ ಕೇಳುವ ಹಾಗೇ ಇಲ್ಲ. ಅದನ್ನು ಮೊದಲ ಸಾಲಿನಿಂದಲೇ ಎರಡೆರಡು ಸಾಲು ಬದಲಿಸಿ ಹೆಣೆಯುತ್ತೇನೆ.

ರಿಯಾಯಿತಿ ಉಲ್ಲನ್ ತಗೊಳ್ಳಬಹುದು, ಸ್ವೆಟರ್‌ಗೆ ಬೇಡ. ಅಲ್ಲಿ ಒಂದು ಎರಡು ಉಳಿದ ಉಂಡೆಗಳೇ ಜಾಸ್ತಿ. ಕುಲಾವಿಗೆ ಒಂದು 50 ಗ್ರಾಂ ಉಂಡೆ ಧಾರಾಳವಾಗಿ ಸಾಕು, ಅಂಥವನ್ನು ಆರಿಸಿ ತನ್ನಿ. ನವೆಂಬರ್ ಹೊತ್ತಿಗೆ ಹುಟ್ಟುವ ಮಗುವಿಗೆ ಅಂತಾದರೆ ಕುಲಾವಿಯನ್ನು ಮೂರು ತಿಂಗಳ ಮಗುವಿನ ಅಳತೆಗೆ ಹೆಣೆಯಿರಿ, ಚಳಿ ಮುಗಿಯುವವರೆಗೂ ಆಗುತ್ತದೆ.