ಎರಡು ಎಕರೆ ಅಡಿಕೆ ತೋಟದಲ್ಲಿ ಮೆಣಸು, ಏಲಕ್ಕಿ, ಜಾಯಿಕಾಯಿ ಸೇರಿಸಿದರೆ ಪರಿಸರಕ್ಕೆ ನಿಜವಾಗಿ ಲಾಭವಿದೆಯೇ?

ಹೊಸನಗರದ ಕಡೆ ತಂದೆಯವರಿಂದ ಬಂದ ಎರಡು ಎಕರೆ ತೋಟವಿದೆ, ಸದ್ಯ ಬರೀ ಅಡಿಕೆ, ಮೇಲ್ಗಡೆ ಸ್ವಲ್ಪ ಸೊಪ್ಪಿನ ಬೆಟ್ಟವೂ (ತೋಟಕ್ಕೆ ಹಸಿರು ಸೊಪ್ಪು, ಒಣ ಎಲೆ ತರುವ ಕಾಡು) ಇದೆ ಎಂದು ಬರೆದಿದ್ದೀರಿ. ಸಾಂಬಾರ ಬೆಳೆ ಸೇರಿಸಿದರೆ ಮಣ್ಣಿಗೆ, ನೀರಿಗೆ, ಹಕ್ಕಿಗಳಿಗೆ ಒಳ್ಳೆಯದು ಎಂಬ ಮಾತು ನಿಜವೇ ಎಂದು ಕೇಳಿದ್ದೀರಿ. ನಾನು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನವನು. ಅಡಿಕೆಯ ನಡುವೆ ಮೆಣಸು, ಏಲಕ್ಕಿ, ಜಾಯಿಕಾಯಿ ಇರುವ ಸಣ್ಣ ತೋಟದಲ್ಲೇ ಬೆಳೆದು ಈಗ ಅದನ್ನೇ ನೋಡಿಕೊಳ್ಳುತ್ತಿದ್ದೇನೆ. ಹಾಗಾಗಿ ಕಂಡದ್ದನ್ನೂ ಓದಿದ್ದನ್ನೂ ಸೇರಿಸಿ ಹೇಳುತ್ತೇನೆ.

ಲಾಭ ಇದೆ, ಖಂಡಿತ ಇದೆ. ಆದರೆ ನಾಲ್ಕು ಮೆಣಸಿನ ಬಳ್ಳಿ ಹಬ್ಬಿಸಿದ ಮಾತ್ರಕ್ಕೆ ಅದು ಬರುವುದಿಲ್ಲ. ಆ ಬಳ್ಳಿಗಾಗಿ ನೀವು ಏನೇನು ಉಳಿಸಿಕೊಳ್ಳುತ್ತೀರಿ ಎಂಬುದನ್ನು ಅದು ಅವಲಂಬಿಸಿದೆ: ನೆರಳಿನ ಮರ, ನೆಲದ ಮೇಲಿನ ದರಕು (ಉದುರಿದ ಒಣ ಎಲೆ), ಎಲ್ಲಕ್ಕಿಂತ ಹೆಚ್ಚಾಗಿ ತೋಟದ ಮೇಲಿರುವ ಆ ಬೆಟ್ಟ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಸುಭಾಷ್ ಚಂದ್ರನ್ ಮೊದಲಾದವರು ಉತ್ತರ ಕನ್ನಡದ ಅಡಿಕೆ ತೋಟಗಳ ಹಕ್ಕಿಗಳನ್ನು ಅಧ್ಯಯನ ಮಾಡಿ, 2008ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಸಾಯ ನಡೆದ ಈ ಸೀಮೆಯಲ್ಲಿ, ಸುತ್ತಲಿನ ಕಾಡಿಗೆ ಸೇರಿದ ಹಕ್ಕಿ ಜಾತಿಗಳಲ್ಲಿ ಶೇ 90ರಷ್ಟು ಅಡಿಕೆ ತೋಟದ ವ್ಯವಸ್ಥೆಯಲ್ಲಿ ಇನ್ನೂ ಉಳಿದಿವೆ ಎಂದು ಅವರು ಕಂಡುಕೊಂಡರು. ಅದಕ್ಕೆ ಕೊಟ್ಟ ಕಾರಣಗಳು ಎರಡು. ಒಂದು, ಅಡಿಕೆಯ ಕೆಳಗೆ ಹಲವು ಬಗೆಯ ಗಿಡಮರಗಳು ಬೇರೆ ಬೇರೆ ಎತ್ತರದಲ್ಲಿ ಇರುವುದು. ಇನ್ನೊಂದು, ಸೊಪ್ಪು ದರಕಿಗಾಗಿ ತೋಟದ ಪಕ್ಕದಲ್ಲೇ ಕಾಡನ್ನು ಉಳಿಸಿಕೊಂಡಿರುವುದು. ನಮ್ಮಲ್ಲಿ ಮಂಗಟ್ಟೆ ಹಕ್ಕಿ ತೋಟಕ್ಕೆ ಬರುವುದು ಬೆಟ್ಟದಲ್ಲಿ ಹಣ್ಣಿನ ಮರ ಇರುವುದರಿಂದ. ಬೆಟ್ಟ ಬೋಳಾದ ಊರುಗಳಲ್ಲಿ ತೋಟ ಎಷ್ಟೇ ಹಸಿರಾಗಿದ್ದರೂ ಅದರ ಕೂಗು ಕೇಳಿಸುವುದು ಅಪರೂಪ.

ಮಣ್ಣಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮರವಿದ್ದರೆ ಸಾಕು, ಮಣ್ಣು ಕೊಚ್ಚಿಹೋಗುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಹಾಗಿಲ್ಲ. ಎತ್ತರದ ಸೋಗೆಯಲ್ಲಿ ಸೇರಿಕೊಂಡ ನೀರು ಮಳೆಹನಿಗಿಂತ ದಪ್ಪ ಹನಿಯಾಗಿ ಕೆಳಗೆ ಬೀಳುತ್ತದೆ. ಎಂಟು ಹತ್ತು ಮೀಟರ್ ಬೀಳುವಷ್ಟರಲ್ಲಿ ಅದು ಹೆಚ್ಚುಕಡಿಮೆ ಪೂರ್ಣ ವೇಗ ಪಡೆದಿರುತ್ತದೆ. ಕೆಳಗೆ ಕಳೆನಾಶಕ ಹೊಡೆದು ಬೋಳು ಮಾಡಿದ ನೆಲವಿದ್ದರೆ, ಬಯಲಿಗಿಂತ ಕೆಟ್ಟದಾಗಿ ಮಣ್ಣು ಏಳುತ್ತದೆ. ಜುಲೈ ತಿಂಗಳಲ್ಲಿ ಅಂಥ ತೋಟದ ಬಸಿಗಾಲುವೆಯ ನೀರನ್ನು ನೋಡಿ, ಕೆಂಪಗೆ ಹರಿಯುತ್ತಿರುತ್ತದೆ. ಅದೇ ಅಡಿಕೆಯ ಕೆಳಗೆ ಜಾಯಿಕಾಯಿಯ ದಟ್ಟ ಕೊಂಬೆ, ಅದರ ಕೆಳಗೆ ಏಲಕ್ಕಿಯ ಅಗಲ ಎಲೆ, ನೆಲದ ಮೇಲೆ ಗೇಣುದ್ದ ಸೊಪ್ಪು ಇದ್ದರೆ ಹನಿ ಮೂರು ನಾಲ್ಕು ಕಡೆ ಒಡೆದು ನಿಧಾನವಾಗಿ ಇಳಿಯುತ್ತದೆ. ನಮ್ಮ ತೋಟದಲ್ಲಿ ಸೊಪ್ಪು ಹಾಕಿದ ಭಾಗದ ನೆಲ ಮಾರ್ಚ್ ತಿಂಗಳಲ್ಲೂ ಕೈಗೆ ತಂಪಾಗಿರುತ್ತದೆ, ಎರೆಹುಳು ಸಿಗುತ್ತದೆ, ನೀರು ಬಿಡುವ ಸರದಿಯನ್ನು ದೂರ ಮಾಡಿದರೂ ಗಿಡ ಬಾಡುವುದಿಲ್ಲ. ಬೇಸಿಗೆಯಲ್ಲಿ ಹಳ್ಳ ಬತ್ತುವ ನಮ್ಮಂಥ ಊರಿಗೆ ಇದು ಬಹಳ ದೊಡ್ಡ ಉಪಕಾರ.

ಇನ್ನು ಬೆಟ್ಟ. ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆಯ ತೋಟಿಗರಿಗೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಕೊಟ್ಟರು. ಒಂದು ಎಕರೆ ತೋಟ ಬಾಳಬೇಕಾದರೆ ಎಷ್ಟು ಕಾಡು ಅದರ ಬೆನ್ನಿಗಿರಬೇಕು ಎಂಬ ಅಂದಾಜು ಆ ಲೆಕ್ಕದಲ್ಲೇ ಇದೆ. ಬೆಟ್ಟದಲ್ಲಿ ಇಂಗಿದ ಮಳೆ ತೋಟದ ಒರತೆಯಾಗಿ ಬರುತ್ತದೆ. ಆದರೆ ವರ್ಷಾವರ್ಷ ಸೊಪ್ಪು ಸವರಿ, ದರಕು ಗುಡಿಸಿ ತೋಟಕ್ಕೆ ಸುರಿಯುವುದೂ ಪರಿಸರದ ದೃಷ್ಟಿಯಿಂದ ಪುಕ್ಕಟೆಯಲ್ಲ. ತೋಟ ಫಲವತ್ತಾಗುತ್ತದೆ, ಬೆಟ್ಟ ಬಡವಾಗುತ್ತದೆ. ಇಲ್ಲಿಯೇ ಮಿಶ್ರ ಬೆಳೆಯ ನಿಜವಾದ ಗುಣ ನನಗೆ ಕಾಣುವುದು. ತೋಟದ ಅಂಚಿನಲ್ಲಿ ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಹಾಲವಾಣ ಹಾಕಿದರೆ ಅವು ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತವೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತವೆ, ಸವರಿದ ಸೊಪ್ಪು ಅಲ್ಲೇ ನೆಲಕ್ಕೆ ಬೀಳುತ್ತದೆ. ತೋಟ ತನ್ನ ಸೊಪ್ಪಿನ ಒಂದು ಪಾಲನ್ನು ತಾನೇ ಬೆಳೆದುಕೊಂಡಷ್ಟೂ ಬೆಟ್ಟಕ್ಕೆ ಬಿಡುವು ಸಿಗುತ್ತದೆ. ನಿಮ್ಮ ಬೆಟ್ಟದಲ್ಲಿ ಅಕೇಶಿಯಾ ಇದ್ದರೆ ಅದರ ದರಕನ್ನು ನಂಬಿಕೊಳ್ಳಬೇಡಿ, ಬೇಗ ಕೊಳೆಯುವುದಿಲ್ಲ. ಅದರ ನಡುವೆ ಮುರುಗಲು, ಉಪ್ಪಾಗೆ, ರಾಮಪತ್ರೆ, ನೇರಳೆ ಏಳಲು ಅವಕಾಶ ಮಾಡಿಕೊಡಿ. ಮೊದಲ ಮೂರು ನಮ್ಮ ಕಾಡಿನದೇ ಸಾಂಬಾರ ಮರಗಳು, ಮಾರುಕಟ್ಟೆಯೂ ಇದೆ.

ಬೆಳೆಗಳೆಲ್ಲ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಕಾಳುಮೆಣಸು ಪಶ್ಚಿಮ ಘಟ್ಟದ್ದೇ ಬಳ್ಳಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು, ಅಷ್ಟು ಹಳೆಯ ನಂಟು. ಅದರ ಪರಾಗಸ್ಪರ್ಶ ಹೆಚ್ಚಾಗಿ ಮಳೆಹನಿಯಿಂದಲೇ ನಡೆಯುತ್ತದೆ, ಕಾಳು ಬಿಸಿಲಿನಲ್ಲಿ ಒಣಗುತ್ತದೆ, ಸೌದೆ ಬೇಡ. ಆದರೆ ಇದೇ ಮೆಣಸು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಾಡುಮರಗಳ ಜಾಗಕ್ಕೆ ಸಿಲ್ವರ್ ಓಕ್ ಬರುವುದಕ್ಕೂ ಒಂದು ಕಾರಣವಾಯಿತು. ನೇರ ಬೆಳೆಯುವ ಮರ, ಬಳ್ಳಿಗೆ ಅನುಕೂಲ, ಕಡಿಯಲು ಅನುಮತಿಯ ತೊಡಕೂ ಕಡಿಮೆ. ಆದರೆ ಆಸ್ಟ್ರೇಲಿಯಾದಿಂದ ಬಂದ ಆ ಮರದಲ್ಲಿ ನಮ್ಮ ಹಕ್ಕಿಗಳಿಗೆ ತಿನ್ನುವ ಹಣ್ಣಿಲ್ಲ. ಹತ್ತಾರು ಜಾತಿಯ ಮರವಿದ್ದ ಕಡೆ ಒಂದೇ ಜಾತಿ ನಿಂತರೆ ಅದನ್ನು ಕೃಷಿ ಅರಣ್ಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನೀವು ಆ ದಾರಿ ಹಿಡಿಯಬೇಡಿ, ಅಡಿಕೆ ಮರವೇ ಬಳ್ಳಿಗೆ ಸಾಕು.

ಏಲಕ್ಕಿಗೆ ನೆರಳು, ತೇವ, ತುಡುವೆ ಜೇನು ಮೂರೂ ಬೇಕು. ಅದರ ಹೂವು ಬಾಳುವುದು ಒಂದು ದಿನ. ಆ ದಿನ ಜೇನು ಬಾರದಿದ್ದರೆ ಕಾಯಿಲ್ಲ. ಏಲಕ್ಕಿ ಹೂವಿಲ್ಲದ ತಿಂಗಳುಗಳಲ್ಲಿ ಜೇನನ್ನು ಸಾಕುವುದು ಬೆಟ್ಟದ ನೇರಳೆ, ಮತ್ತಿ, ಹೊನ್ನೆಯ ಹೂವು. ಏಲಕ್ಕಿ ಹಾಕಿದ ರೈತ ಜೇನಿಗೆ ವಿಷವಾಗುವ ಸಿಂಪಡಣೆಗೆ ಹಿಂಜರಿಯುತ್ತಾನೆ, ಹಿಂಜರಿಯಲೇಬೇಕು. ಇದರ ಇನ್ನೊಂದು ಮುಖವೂ ಇದೆ. ಒಣಗಿಸಲು ಬೆಂಕಿ ಬೇಕು, ಸೌದೆ ಉರಿಯುತ್ತದೆ. ಕಾಡಿನ ಕೆಳಗೆ ದೊಡ್ಡದಾಗಿ ಏಲಕ್ಕಿ ಹಾಕಿದಲ್ಲಿ ಕಾಡುಮರಗಳ ಸಸಿಗಳನ್ನೆಲ್ಲ ಕಳೆಯೆಂದು ಕಿತ್ತು, ಮುಂದಿನ ತಲೆಮಾರಿನ ಮರವೇ ಇಲ್ಲದಂತಾದದ್ದೂ ಉಂಟು. ನಿಮ್ಮ ಪ್ರಮಾಣದಲ್ಲಿ ಆ ಭಯವಿಲ್ಲ. ಸಸಿ ಕಂಡರೆ ಉಳಿಸಿ.

ಔಷಧದ ಬಗ್ಗೆ ಒಂದು ಮಾತು. ಸಾಂಬಾರ ಬೆಳೆ ಎಂದರೆ ತಾನಾಗಿ ಸಾವಯವ ಎಂದು ತಿಳಿಯಬೇಡಿ. ಅಡಿಕೆಯ ಕೊಳೆರೋಗಕ್ಕೂ ಮೆಣಸಿನ ಸೊರಗು ರೋಗಕ್ಕೂ ನಾವು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮಳೆಗಾಲದಲ್ಲಿ ಬೇರೆ ದಾರಿ ಕಡಿಮೆ. ಆದರೆ ತಾಮ್ರ ಮಣ್ಣಿನಿಂದ ಕರಗಿ ಮಾಯವಾಗುವ ವಸ್ತುವಲ್ಲ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಎರೆಹುಳುವಿಗೆ ತೊಂದರೆ ಕೊಡುತ್ತದೆ. ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆಯನ್ನು ಮಳೆಗೆ ಮೊದಲೇ ಸರಿಮಾಡಿ, ಬುಡಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಸೊರಗು ರೋಗದ ಹಾವಳಿ ತಗ್ಗುತ್ತದೆ.

ಹವಾಮಾನ, ಇಂಗಾಲ ಎಂದೂ ಕೇಳಿದ್ದೀರಿ. ಬಳ್ಳಿಯಲ್ಲಿ ಸೇರುವ ಇಂಗಾಲ ಅಲ್ಪ, ದಪ್ಪ ಮರಗಳಲ್ಲಿ ಮತ್ತು ಮಣ್ಣಿನಲ್ಲಿ ಸೇರುವುದೇ ಲೆಕ್ಕಕ್ಕೆ ಬರುವುದು. ಅದಕ್ಕಾಗಿಯೂ ಬೆಟ್ಟವೇ ಮುಖ್ಯ.

ನನ್ನ ಮಟ್ಟಿಗೆ ಇಷ್ಟೇ ತೂಕದ ಇನ್ನೊಂದು ಕಾರಣವಿದೆ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗ ಎಷ್ಟೋ ಅಡಿಕೆ ತೋಟಗಳನ್ನು ತಿಂದಿದೆ. ಇತ್ತೀಚಿನ ವರ್ಷಗಳಲ್ಲಿ ನಿಮ್ಮ ಹೊಸನಗರ, ತೀರ್ಥಹಳ್ಳಿಗೆ ಎಲೆಚುಕ್ಕಿ ರೋಗ ಬಂದಿದೆ. ಅಡಿಕೆಯೊಂದನ್ನೇ ನಂಬಿದ ಸಣ್ಣ ರೈತ ಬೆಳೆ ಕೈಕೊಟ್ಟಾಗ ಮೊದಲು ಬೆಟ್ಟದ ಮರದ ಕಡೆ ನೋಡುತ್ತಾನೆ, ಆಮೇಲೆ ಜಾಗ ಮಾರುವ ಯೋಚನೆ ಮಾಡುತ್ತಾನೆ. ಮೆಣಸು ಜಾಯಿಕಾಯಿಯಿಂದ ಒಂದಿಷ್ಟು ಹಣ ಬರುತ್ತಿದ್ದರೆ ಆ ಮರಗಳು ನಿಂತಿರುತ್ತವೆ.

ನಿಮ್ಮ ಎರಡು ಎಕರೆಗೆ ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ವರ್ಷ ಕಳೆನಾಶಕ ನಿಲ್ಲಿಸಿ, ಬಸಿಗಾಲುವೆ ಸರಿಮಾಡಿ, ಅಂಚಿಗೆ ಗೊಬ್ಬರದ ಗಿಡ ನೆಡುತ್ತೇನೆ. ಮಳೆ ಹಿಡಿದ ಮೇಲೆ, ಬಲಿತ ಅಡಿಕೆ ಮರಗಳ ಉತ್ತರ ಬದಿಗೆ ಮೆಣಸಿನ ಬಳ್ಳಿ. ಪಣಿಯೂರು-1 ಎಂಬ ಮೆಣಸಿನ ತಳಿ ಇಳುವರಿಗೆ ಹೆಸರಾದರೂ ಬೆಳಕು ಬೇಡುತ್ತದೆ, ನೆರಳು ಹೆಚ್ಚಿರುವ ಕಡೆ ಊರಿನ ಹಳೆಯ ಮಲ್ಲಿಗೆಸರದಂಥ ತಳಿಯನ್ನೂ ಬೆರೆಸುತ್ತೇನೆ. ತಗ್ಗಿನ ತಂಪು ಜಾಗದಲ್ಲಿ ಸ್ವಲ್ಪ ಏಲಕ್ಕಿ. ಜಾಯಿಕಾಯಿಯ ಕಸಿ ಗಿಡಗಳನ್ನು ದೂರ ದೂರ ಮಾತ್ರ ಇಡುತ್ತೇನೆ, ಅದು ಬೆಳೆದು ದಟ್ಟ ನೆರಳು ಕೊಡುತ್ತದೆ. ಬೆಟ್ಟದಲ್ಲಿ ಒಂದು ಭಾಗವನ್ನು ಸರದಿಯ ಮೇಲೆ ಸೊಪ್ಪು ತೆಗೆಯದೆ ಬಿಡುತ್ತೇನೆ.

ತೋಟದ ಇಳಿಜಾರು ಯಾವ ಕಡೆಗೆ, ಅಡಿಕೆ ಮರಗಳ ವಯಸ್ಸೆಷ್ಟು, ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಇರುತ್ತದೆ ಎಂದು ತಿಳಿಸಿದರೆ ಎಲ್ಲಿ ಯಾವುದನ್ನು ಹಾಕಬಹುದು ಎಂದು ಇನ್ನೂ ವಿವರವಾಗಿ ಬರೆಯುತ್ತೇನೆ.