9 ವರ್ಷದ ಮಗನ ಮುಂದಿನ ಹಲ್ಲು ಕೀಳಿಸಲೇಬೇಕಾ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 9 ವರ್ಷ. ಹೋದ ವರ್ಷ ಖೋ ಖೋ ಆಡುವಾಗ ಬಿದ್ದು ಮೇಲಿನ ಮುಂದಿನ ಹಲ್ಲು ಸ್ವಲ್ಪ ಮುರಿದಿತ್ತು. ನೋವಿಲ್ಲ ಅಂದ, ಸುಮ್ಮನಾದೆವು. ಈಗ ಹಲ್ಲು ಕಪ್ಪಾಗಿದೆ, ವಸಡಿನಲ್ಲಿ ಕೀವಿನ ಗುಳ್ಳೆ ಎದ್ದಿದೆ. ತೋರಿಸಿದರೆ 'ಬೇರಿನ ತುದಿ ಮುಚ್ಚಿಲ್ಲ, ರೂಟ್ ಕೆನಾಲ್ ಆಗಲ್ಲ, ಕೀಳಿಸಿ' ಅಂದರು. ಏನು ಮಾಡಲಿ?
– ಒಬ್ಬ ತಾಯಿ, ನವನಗರ, ಬಾಗಲಕೋಟೆ

ಉತ್ತರ: ಕೀಳಿಸಬೇಡಿ ತಾಯಿ, ಮೊದಲು ಮಕ್ಕಳ ದಂತವೈದ್ಯರಿಗೋ ರೂಟ್ ಕೆನಾಲ್ ತಜ್ಞರಿಗೋ ತೋರಿಸಿ. ನಿಮ್ಮೂರಲ್ಲೇ ದಂತ ಕಾಲೇಜಿದೆ.

ತುದಿ ಮುಚ್ಚಿಲ್ಲ ಅನ್ನೋದು ನಿಜವೇ ಇರಬೇಕು. ಈ ಹಲ್ಲು 7-8ನೇ ವರ್ಷಕ್ಕೆ ಹುಟ್ಟುತ್ತದೆ, ಆದರೆ ಬೇರು ಪೂರ್ತಿ ಬೆಳೆಯಲು ಅಲ್ಲಿಂದ ಸುಮಾರು 3 ವರ್ಷ ಬೇಕು. ಅಷ್ಟರೊಳಗೆ ಪೆಟ್ಟು ಬಿದ್ದು ನರ ಸತ್ತರೆ ಬೇರು ಅಲ್ಲಿಗೇ ನಿಲ್ಲುತ್ತದೆ, ತುದಿ ಅಗಲವಾಗಿ ತೆರೆದೇ ಇರುತ್ತದೆ, ಗೋಡೆಯೂ ತೆಳು. ದೊಡ್ಡವರಿಗೆ ರೂಟ್ ಕೆನಾಲ್‌ನಲ್ಲಿ ಮಾಡುವ ಹಾಗೆ ಸತ್ತ ನರ ತೆಗೆದು ಆ ಜಾಗ ತುಂಬಿದರೆ ತಳವಿಲ್ಲದ ಕೊಡಕ್ಕೆ ನೀರು ಹಾಕಿದಂತೆ, ಎಲ್ಲ ಆಚೆ ಹೋಗುತ್ತದೆ. ಅದಕ್ಕೇ ಮೊದಲು ತಳ ಕಟ್ಟಬೇಕು.

ಹಿಂದೆ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧಿ ಹಾಕಿ, ತುದಿ ಮುಚ್ಚಲಿ ಅಂತ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಜಾಸ್ತಿ ಕಾಯುತ್ತಿದ್ದರು. ಅದನ್ನು ಬಹಳ ದಿನ ಬಿಟ್ಟರೆ ಹಲ್ಲು ಬೇಗ ಮುರಿಯುವಷ್ಟು ದುರ್ಬಲವಾಗುತ್ತದೆ. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಎಂ.ಟಿ.ಎ. ಎಂಬ ಸಿಮೆಂಟ್ ತಂದರು. ಒಳಗೆಲ್ಲ ತೊಳೆದು, ಸೋಂಕು ಹೋದ ಮೇಲೆ, ತುದಿಯಲ್ಲಿ ಇದರ 4-5 ಮಿ.ಮೀ. ಬಿರಡೆ ಹಾಕಿ ಮೇಲಿನದ್ದನ್ನು ತುಂಬುತ್ತಾರೆ. ಒಂದೆರಡು ಸಲ ಹೋದರೆ ಸಾಕು. ಆದರೆ ಗೋಡೆ ತೆಳುವಾಗೇ ಉಳಿಯುತ್ತದೆ.

ಬೇರು ತೀರಾ ಗಿಡ್ಡವಿದ್ದರೆ ಇನ್ನೊಂದು ದಾರಿ ಕೇಳಿ, ರೀವಾಸ್ಕ್ಯುಲರೈಸೇಶನ್. ಸೋಂಕು ಹೋದ ಮೇಲೆ ಬೇರಿನ ತುದಿಯಿಂದ ಬೇಕಂತಲೇ ರಕ್ತ ಬರಿಸಿ, ಒಳಗೆ ಹೆಪ್ಪುಗಟ್ಟಲು ಬಿಟ್ಟು ಮೇಲೆ ಮುಚ್ಚುತ್ತಾರೆ. ಕೆಲವು ಮಕ್ಕಳಲ್ಲಿ ಬೇರು ಮತ್ತೆ ಬೆಳೆದು ದಪ್ಪವಾಗುತ್ತದೆ, ಎಲ್ಲರಲ್ಲೂ ಅಲ್ಲ. ಯಾವುದು ಸರಿ ಅನ್ನೋದು ಎಕ್ಸ್-ರೇ ನೋಡಿಯೇ ಹೇಳಬೇಕು.

ಕೀಳಿಸಿದರೆ ಮುಂದೇನು ಅಂತ ಯಾರಾದರೂ ಹೇಳಿದರಾ? ದವಡೆ ಬೆಳೆಯುವುದು ನಿಲ್ಲುವವರೆಗೆ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಹಲ್ಲು) ಹಾಕುವಂತಿಲ್ಲ, ಅಂದರೆ ಹತ್ತಿರತ್ತಿರ 10 ವರ್ಷ ಕಾಯಬೇಕು, ಅಷ್ಟರಲ್ಲಿ ಅಲ್ಲಿನ ಮೂಳೆ ಸವೆಯುತ್ತದೆ. ಹಲ್ಲು ಕೆಲವೇ ವರ್ಷ ಉಳಿದರೂ ಆ ಮೂಳೆ ಉಳಿಯುತ್ತದಲ್ವಾ!

ಮಾತ್ರೆ ನುಂಗಿಸಿ ಗುಳ್ಳೆ ಇಳಿಯಿತು ಅಂತ ಬಿಡಬೇಡಿ, ಮತ್ತೆ ಬರುತ್ತದೆ. ಚಿಕಿತ್ಸೆಯಾದ ಮೇಲೂ ಕಬ್ಬು, ಅಮೀನಗಡದ ಕರದಂಟು ಆ ಹಲ್ಲಲ್ಲಿ ಕಚ್ಚದಿರಲಿ. ಡಾಕ್ಟರು ಹೇಳಿದಾಗೆಲ್ಲ ಎಕ್ಸ್-ರೇಗೆ ಕರೆದುಕೊಂಡು ಹೋಗಿ, ನೋವಿಲ್ಲದಿದ್ದರೂ.